‘ಸರ್ವರ್ ಇಲ್ಲ, ನಾಳೆ ಬನ್ನಿ’ ಅಂದರೆ ಒಪ್ಪಬೇಡಿ

ಅರ್ಜಿ ಹಿಡಿದು ಕೌಂಟರಿಗೆ ಹೋದವರಿಗೆಲ್ಲ ಈ ಮಾತು ಗೊತ್ತು. ಆದರೆ ಎಷ್ಟೋ ಸಲ ಸರ್ವರೂ ಇರುತ್ತದೆ, ಕರೆಂಟೂ ಇರುತ್ತದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ‘ಅನ್‌ಹ್ಯಾಂಡಲ್ಡ್ ಎಕ್ಸೆಪ್ಷನ್’ ಅಂತ ಬಂದು ಪ್ರೋಗ್ರಾಂ ನಿಂತುಹೋಗಿರುತ್ತದೆ.

ಏನದು? ಅಂಕಿ ಇರಬೇಕಾದ ಕಡೆ ಅಕ್ಷರ ಬಂತು, ತೆರೆಯಬೇಕಾದ ಫೈಲೇ ಇಲ್ಲ, ತುಂಬಬೇಕಾದ ಕಾಲಂ ಖಾಲಿ. ಹೀಗೆ ಮಾಮೂಲಿ ದಾರಿ ತಪ್ಪಿದ್ದೇ ಎಕ್ಸೆಪ್ಷನ್. ಆಗ ಏನು ಮಾಡಬೇಕೆಂದು ಪ್ರೋಗ್ರಾಂ ಬರೆದವರು ಮೊದಲೇ ಬರೆದಿದ್ದರೆ ‘ಈ ಕಾಲಂ ಸರಿಮಾಡಿ’ ಅಂತ ಹೇಳಿ ಕೆಲಸ ಮುಂದೆ ಹೋಗುತ್ತದೆ. ಬರೆಯದಿದ್ದರೆ ಪ್ರೋಗ್ರಾಂ ಅಲ್ಲೇ ಬಿದ್ದುಹೋಗುತ್ತದೆ. ನಮ್ಮ ಹಿರಿಯರಲ್ಲಿ ಎಷ್ಟು ಜನರಿಗೆ ಹುಟ್ಟಿದ ತಾರೀಖು ಗೊತ್ತು? ಆ ಕಾಲಂ ಖಾಲಿ ಬರಬಹುದು ಅಂತ ಯೋಚಿಸದೇ ಇದ್ದದ್ದು ಅಜ್ಜಿಯ ತಪ್ಪೇ?

ರಾಕೆಟ್ಟೇ ಇದರಿಂದ ಬಿದ್ದಿದೆ. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂ ನೆಲೆಯಿಂದ ಯುರೋಪಿನ ಏರಿಯಾನ್ 5 ಮೊದಲ ಸಲ ಹಾರಿತು. ಸುಮಾರು 40 ಸೆಕೆಂಡಿಗೆ ದಾರಿ ತಪ್ಪಿ ಸಿಡಿಯಿತು, ಒಳಗಿದ್ದ 4 ಉಪಗ್ರಹಗಳೂ ಹೋದವು. ಹಳೆಯ ಏರಿಯಾನ್ 4ರ ಪ್ರೋಗ್ರಾಂ ಭಾಗವನ್ನೇ ಇದಕ್ಕೂ ಹಾಕಿದ್ದರು. ಹೊಸ ರಾಕೆಟ್ಟಿನ ವೇಗಕ್ಕೆ ಒಂದು ಸಂಖ್ಯೆ ತೀರಾ ದೊಡ್ಡದಾಯಿತು. ಅದನ್ನು 16 ಬಿಟ್ಟಿನ ಜಾಗಕ್ಕೆ ತುಂಬಲು ಹೋದರು. ಅಲ್ಲಿ 32,767ಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಪಾವಿನೊಳಗೆ ಸೇರು ಅಕ್ಕಿ ಸುರಿದ ಹಾಗೆ. ಇಂಥ 7 ಸಂಖ್ಯೆಗಳಲ್ಲಿ 4ಕ್ಕೆ ಕಾವಲು ಬರೆದು 3ನ್ನು ಬಿಟ್ಟಿದ್ದರು. ಆಪತ್ತಿಗೆಂದು ಇಟ್ಟ ಇನ್ನೊಂದು ಕಂಪ್ಯೂಟರಿನಲ್ಲೂ ಅದೇ ಪ್ರೋಗ್ರಾಂ, ಅದೂ ನಿಂತಿತು. ತನಿಖಾ ಮಂಡಳಿ ಮರುತಿಂಗಳೇ ಇದನ್ನೆಲ್ಲ ವರದಿಯಲ್ಲಿ ಬಿಡಿಸಿ ಬರೆಯಿತು.

ನಮಗೆ ಮಾತ್ರ ‘ನಾಳೆ ಬನ್ನಿ’. ಒಂದು ದಿನದ ಕೂಲಿ, ಬಸ್ ಚಾರ್ಜು ಯಾರು ಕೊಡುತ್ತಾರೆ?

ಕೌಂಟರಿನ ಹುಡುಗನನ್ನು ಬೈದು ಪ್ರಯೋಜನವಿಲ್ಲ, ಬರೆದವನು ಅವನಲ್ಲ. ತಪ್ಪು ಕಾಣದಂತೆ ಮುಚ್ಚಿಬಿಟ್ಟರೂ ಸಾಲದು. ಪರದೆ ‘ಯಶಸ್ವಿ’ ಅಂದು ಅರ್ಜಿಯೇ ಮಾಯವಾದರೆ ಅದು ಇನ್ನೂ ಕೆಟ್ಟದ್ದು. ಎಲ್ಲಿ, ಯಾವಾಗ ಬಿತ್ತು ಎಂಬುದು ದಾಖಲಾಗುವಂತೆ ಪ್ರೋಗ್ರಾಂ ಬರೆಯಬಹುದು, ಅದಕ್ಕೆ ಲಾಗ್ ಅನ್ನುತ್ತಾರೆ. ಅದನ್ನು ನೋಡಿ ಸರಿಪಡಿಸುವುದು ಮಾಡಿಸಿದವರ, ಮಾಡಿದವರ ಕೆಲಸ. ಪರದೆಯ ಮಾತು ಕನ್ನಡದಲ್ಲಿ ಬರಬೇಕು ಅಂತಲೂ ನಾವು ಕೇಳುತ್ತೇವೆ.

ಅಲ್ಲಿಯವರೆಗೆ, ಪರದೆಯ ಮೇಲೆ ಬಂದ ಸಾಲನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ತಾರೀಖು, ಹೊತ್ತು ಹಾಕಿಸಿ. ದೂರು ಕೊಡುವಾಗ ಅದರ ಜೆರಾಕ್ಸ್ ಲಗತ್ತಿಸಿ, ಸ್ವೀಕೃತಿ ಪಡೆದೇ ಎದ್ದು ಬನ್ನಿ.