ಹೆಜ್ಜೆ ಎಣಿಸುವವರೇ, ದಾರಿ ಯಾರದು ಕೇಳ್ರಿ

"ಕುರ್ಚಿ ಬಿಟ್ಟು ಏಳ್ರಿ, ದಿನಕ್ಕ ಹತ್ತು ಸಾವಿರ ಹೆಜ್ಜೆ ನಡೀರಿ, ಬಯಲಿಗೆ ಬರ್ರಿ." ವಾರಾಂತ್ಯ ಬಂತಂದ್ರ ನಮ್ಮ ಆನೆಗೊಂದಿ, ಸಾಣಾಪುರದ ಬಂಡೆ ಮ್ಯಾಲೆ ನಿಂತು ತೆಗೆಸಿಕೊಂಡ ಫೋಟೋಗಳ ಕೆಳಗ ಇದೇ ಉಪದೇಶ. ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿದವರು ಇನ್ನೊಂದು ಮಾತು ಸೇರಿಸ್ತಾರ: "ಹಿಂದಿನವರು ಹೊಲದಾಗ ದುಡೀತಿದ್ರು, ಅದಕ್ಕ ಗಟ್ಟಿಮುಟ್ಟಾಗಿದ್ರು."

ಹಿಂದಿನವರು ಅಂದ್ರ ಯಾರು? ಹೊಲ ಯಾರದಿತ್ತು, ದುಡಿದವರು ಯಾರು?

ಅದೇ ಬೆಟ್ಟದ ಮೇಲಿಂದ ಕೆಳಗ ನೋಡ್ರಿ. ಫೋಟೋದಾಗ ಚಂದ ಕಾಣೋ ಆ ಹಸಿರು ಭತ್ತದ ಗದ್ದಿ. ನಾಟಿ ಹೊತ್ತಿನಾಗ ಕೆಸರಲ್ಲಿ ಬೆನ್ನು ಬಗ್ಗಿಸಿ ನಿಂತ ಹೆಣ್ಣುಮಕ್ಕಳಲ್ಲಿ ನಮ್ಮ ಕೇರಿಯವರು ಎಷ್ಟು ಮಂದಿ, ಎಣಿಸ್ರಿ. ಬೆಳಗಿನಿಂದ ಸಂಜಿತನಕ ಅವರು ಬಯಲಲ್ಲೇ ಇರ್ತಾರ. ಮನಿಗೆ ಬಂದು ಸೊಂಟನೋವಿನ ಗುಳಿಗಿ ನುಂಗ್ತಾರ. ಮೈ ಅಲುಗಿದ್ರ ಆರೋಗ್ಯ ಅನ್ನೋದು ನಿಜ ಆಗಿದ್ರ, ಈ ದೇಶದಾಗ ಎಲ್ಲರಿಗಿಂತ ಹೆಚ್ಚು ಕಾಲ ಬದುಕಬೇಕಾದವರು ನಾವು.

ವಿಜ್ಞಾನವೂ ಇದನ್ನೇ ಹೇಳ್ತದ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ನೋಡಿದಾಗ, ಕೆಲಸದಲ್ಲಿ ಮೈಮುರಿದು ದುಡಿಯುವ ಗಂಡಸರಿಗೆ ಅಕಾಲ ಸಾವಿನ ಅಪಾಯ ಶೇ 18ರಷ್ಟು ಹೆಚ್ಚಿತ್ತು. ಬಿಡುವಿನಲ್ಲಿ ಇಷ್ಟಪಟ್ಟು ನಡೆಯೋದು ಬೇರೆ, ದಣಿವಾರಿಸಿಕೊಳ್ಳಲೂ ಬಿಡದ ದುಡಿಮೆ ಬೇರೆ.

ಇನ್ನು ಕುರ್ಚಿ. ನಿಮಗ ಕೂತು ಕೂತು ಬ್ಯಾಸರ ಆಗೇದ. ನಮಗ ಕೂರೋದೇ ಹೋರಾಟ ಆಗಿತ್ತು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿ, ಹೋಟೆಲಿಗೆ ಪ್ರವೇಶ ಇಲ್ಲ ಅಂದದ್ದು ಆ ಜಗಳದ ಬೇರು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮೇಲ್ಮನವಿ ಹೈಕೋರ್ಟಿಗೆ ಹೋಯಿತು.

ನಡಿಗೆಯ ಕಥೆಯೂ ಅಷ್ಟೇ. 2021ರಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ನಮ್ಮ ಕೂಸೊಂದು ಗುಡಿಯೊಳಗ ಓಡಿತು. ಗುಡಿ ಶುದ್ಧ ಮಾಡಬೇಕು, 25,000 ರೂಪಾಯಿ ದಂಡ ಕಟ್ರಿ ಅಂದ್ರು. ಹತ್ತು ಸಾವಿರ ಹೆಜ್ಜೆಯ ಲೆಕ್ಕ ಹೇಳೋರೇ, ನಮ್ಮ ಕೂಸಿನ ನಾಕು ಹೆಜ್ಜೆಗೆ ಹಾಕಿದ ಬೆಲೆ ಇದು.

1924ರಲ್ಲಿ ವೈಕಂನಲ್ಲಿ ಗುಡಿ ಸುತ್ತಲಿನ ರಸ್ತೆಯಲ್ಲಿ ನಡೆಯೋದಕ್ಕೇ ಸತ್ಯಾಗ್ರಹ ಮಾಡಬೇಕಾಯ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಮಹಾಡದ ಕೆರೆಗೆ ನಡೆದರು. ಸಂವಿಧಾನದ 15(2)ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟದ ಜೊತೆ "ರಸ್ತೆ" ಅನ್ನೋ ಪದ ಸುಮ್ಮನೆ ಬಂದಿಲ್ಲ.

ಹಂಗಂತ ನಾವು ಕೂತೇ ಇರೋಣ ಅನ್ನಾಕತ್ತಿಲ್ಲ. ಭಾರತದ ವಯಸ್ಕರಲ್ಲಿ ಹತ್ತಿರತ್ತಿರ ಅರ್ಧದಷ್ಟು ಮಂದಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲ ಅನ್ನೋದು 2022ರ ಅಂದಾಜು: ಹೆಂಗಸರಲ್ಲಿ ಶೇ 57, ಗಂಡಸರಲ್ಲಿ ಶೇ 42. ಸಕ್ಕರಿ ಕಾಯಿಲಿ, ಬಿಪಿ ಕೇರಿಗೂ ಬಂದಾವ. ನಮ್ಮ ಓದಿದ ಹುಡುಗರು ಹಗಲು ಕಂಪ್ಯೂಟರ್ ಮುಂದ, ರಾತ್ರಿ ಮೊಬೈಲ್ ಮುಂದ. ಕ್ರಾಂತಿಯೂ ಮಂಚದ ಮ್ಯಾಲೆ ಒರಗಿಕೊಂಡೇ! ಜೀತದ ದುಡಿಮೆಯಿಂದ ಮೈ ಬಿಡಿಸಿಕೊಂಡ ನಾವು ಆ ಮೈಯನ್ನು ಜಡಕ್ಕ ಒಪ್ಪಿಸೋದು ಬ್ಯಾಡ.

ಅದಕ್ಕ ಸರ್ಕಾರಕ್ಕ ನಮ್ಮ ಬೇಡಿಕೆ: ಸಮಾಜ ಕಲ್ಯಾಣ ಇಲಾಖೆಯ ಪ್ರತಿ ಹಾಸ್ಟೆಲಿಗೂ ಆಟದ ಬಯಲು. ಪ್ರತಿ ಕೇರಿಯ ದಾರಿಗೂ ಬೀದಿದೀಪ, ಸಂಜಿಗೆ ನಮ್ಮ ಅಕ್ಕತಂಗಿಯರು ಅಂಜದೆ ಓಡಾಡುವಂಗ. ಕೂಲಿಯವರಿಗೆ ಕೂಲಿ ಕಳಕೊಳ್ಳದೆ ವಾರಕ್ಕೊಂದು ಬಿಡುವಿನ ದಿನ.

ನಮಗ ನಾವೇ ಹೇಳಿಕೊಳ್ಳೋದು ಒಂದೈತಿ. ಏಪ್ರಿಲ್ 14ರಂದು ಪೊಲೀಸ್ ಬಂದೋಬಸ್ತಿನಾಗ ಊರ ನಡುವಿನ ಬೀದಿಯಲ್ಲಿ ಮೆರವಣಿಗೆ ಹೋಗ್ತೀವಿ. ಉಳಿದ ದಿನ? ದಿನಾ ಸಂಜಿಗೆ ಅರ್ಧ ತಾಸು ಫೋನ್ ಮನ್ಯಾಗಿಟ್ಟು, ಗಂಡಸರು, ಹೆಂಗಸರು, ಮಕ್ಕಳು ಕೂಡಿ ಅದೇ ಬೀದಿ ಹಿಡಿದು ಹೊಳಿ ದಂಡಿತನಕ ನಡೀರಿ. ಬಿಪಿ ಇಳೀಲಿ. ಊರಿಗೂ ನಮ್ಮ ನಡಿಗೆ ರೂಢಿ ಆಗ್ಲಿ.

ಜೈಭೀಮ್.