ಮಕ್ಕಳ ಬೆಳವಣಿಗೆ: ತೂಕ ಸುಧಾರಿಸಿದರೂ ಏರದ ಎತ್ತರ

ಬೆಂಗಳೂರು: ಮೂರು ವರ್ಷ ತುಂಬಿದ ಗಂಡು ಮಗುವಿನ ತೂಕ 12 ಕಿಲೋ, ಎತ್ತರ 87 ಸೆಂ.ಮೀ. ಎಂದಿಟ್ಟುಕೊಳ್ಳಿ. ತಕ್ಕಡಿಯ ಪ್ರಕಾರ ಚಿಂತೆಗೆ ಕಾರಣವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಲ್ಲಿ ಈ ವಯಸ್ಸಿಗೆ ಕಡಿಮೆ ತೂಕದ ಗೆರೆ ಇರುವುದು 11.3 ಕಿಲೋದಲ್ಲಿ. ಆದರೆ ಎತ್ತರದ ಗೆರೆ 88.7 ಸೆಂ.ಮೀ. ಹೀಗಾಗಿ ಮಗು ‘ಕುಂಠಿತ ಬೆಳವಣಿಗೆ’ಯ ಪಟ್ಟಿಗೆ ಸೇರುತ್ತದೆ. ತೂಕವನ್ನಷ್ಟೇ ನೋಡಿದವರಿಗೆ ಇದು ತಿಳಿಯುವುದೇ ಇಲ್ಲ.

ರಾಜ್ಯದ ಅಂಕಿಅಂಶಗಳು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 2015-16ರಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಎತ್ತರಕ್ಕೆ ತಕ್ಕ ತೂಕವಿಲ್ಲದವರು ಶೇ 26.1ರಷ್ಟಿದ್ದರು. 2019-21ರ ವೇಳೆಗೆ ಈ ಪ್ರಮಾಣ ಶೇ 19.5ಕ್ಕೆ ಇಳಿಯಿತು. ಆದರೆ ವಯಸ್ಸಿಗೆ ತಕ್ಕ ಎತ್ತರವಿಲ್ಲದವರ ಪ್ರಮಾಣ ಶೇ 36.2ರಿಂದ ಶೇ 35.4ಕ್ಕೆ ಮಾತ್ರ ಬಂದಿತು. ಅಂದರೆ ಮೂವರಲ್ಲಿ ಒಂದಕ್ಕಿಂತ ಹೆಚ್ಚು ಮಗು ಗಿಡ್ಡವಾಗಿಯೇ ಉಳಿದಿದೆ.

ಅಳತೆಗೋಲೇ ತಪ್ಪೇ?

ಭಾರತದ ಮಕ್ಕಳು ವಂಶವಾಹಿಯ ಕಾರಣದಿಂದಲೇ ಗಿಡ್ಡರು, ಅಂತರರಾಷ್ಟ್ರೀಯ ಮಾನದಂಡ ಅಪೌಷ್ಟಿಕತೆಯನ್ನು ಹಿಗ್ಗಿಸಿ ತೋರಿಸುತ್ತದೆ ಎಂಬ ವಾದ ಹೊಸದಲ್ಲ. 2013ರಲ್ಲಿ ಅರ್ಥಶಾಸ್ತ್ರಜ್ಞ ಅರವಿಂದ ಪನಗಾರಿಯಾ ಇದನ್ನು ಪ್ರಬಲವಾಗಿ ಮಂಡಿಸಿದ್ದರು.

ಆದರೆ 2006ರಲ್ಲಿ ಪ್ರಕಟವಾದ ಈ ಮಾನದಂಡ ವಿದೇಶಿ ಮಕ್ಕಳನ್ನಷ್ಟೇ ಅಳೆದು ರೂಪಿಸಿದ್ದಲ್ಲ. ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕದ ಜೊತೆಗೆ ಭಾರತದ ದಕ್ಷಿಣ ದೆಹಲಿಯ ಮಕ್ಕಳೂ ಅಧ್ಯಯನದಲ್ಲಿದ್ದರು. ಒಟ್ಟು ಸುಮಾರು 8,500 ಮಕ್ಕಳು. ತಾಯಿಯ ಹಾಲು, ಒಳ್ಳೆಯ ಆಹಾರ, ಆರೋಗ್ಯಕರ ಪರಿಸರ ಪಡೆದ ಮಕ್ಕಳನ್ನೇ ಆಯ್ದುಕೊಳ್ಳಲಾಗಿತ್ತು. ಎರಡು ವರ್ಷದವರೆಗಿನ ಮಕ್ಕಳ ಉದ್ದದಲ್ಲಿ ಕಂಡ ವ್ಯತ್ಯಾಸದ ಪೈಕಿ ದೇಶ-ದೇಶಗಳ ನಡುವಿನದು ಸುಮಾರು ಶೇ 3 ಮಾತ್ರ. ಒಂದೇ ಊರಿನ ಮಕ್ಕಳ ನಡುವಿನದು ಶೇ 70. ಅನುಕೂಲ ದೊರೆತರೆ ಇಲ್ಲಿನ ಮಕ್ಕಳೂ ಅಷ್ಟೇ ಬೆಳೆಯಬಲ್ಲರು ಎಂಬುದಕ್ಕೆ ಇದು ಆಧಾರ. ಹಿರಿಯರ ಎತ್ತರದ ಪ್ರಭಾವ ಒಂದೆರಡು ತಲೆಮಾರು ಉಳಿಯಬಹುದು. ಆದರೆ ತಾಯಿಯ ಗಿಡ್ಡತನಕ್ಕೂ ಹಲವೊಮ್ಮೆ ಅವಳ ಬಾಲ್ಯದ ಹಸಿವೇ ಕಾರಣ ಎಂಬುದನ್ನು ಮರೆಯುವಂತಿಲ್ಲ.

ದಾಖಲೆಯ ದೋಷ

ನಿಜವಾದ ತೊಡಕು ಇರುವುದು ಅಳೆಯುವ ಕ್ರಮದಲ್ಲಿ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ, ನಂತರದ ವಯಸ್ಸಿನಲ್ಲಿ ನಿಲ್ಲಿಸಿ ಅಳೆಯಬೇಕು. ಕ್ರಮ ಅದಲುಬದಲಾದರೆ ಸರಾಸರಿ 0.7 ಸೆಂ.ಮೀ. ವ್ಯತ್ಯಾಸ ಬರುತ್ತದೆ. ವಯಸ್ಸು ತಪ್ಪಾದರಂತೂ ಫಲಿತಾಂಶವೇ ತಲೆಕೆಳಗು. ಮೇಲೆ ಹೇಳಿದ ಮಗುವಿಗೆ ಎರಡೂವರೆ ವರ್ಷವೆಂದು ಬರೆದರೆ ಎತ್ತರದ ಗೆರೆ 85.1 ಸೆಂ.ಮೀ.ಗೆ ಇಳಿಯುತ್ತದೆ, ಮಗು ‘ಸಾಮಾನ್ಯ’ವಾಗಿಬಿಡುತ್ತದೆ. 2021ರಲ್ಲಿ ಬಂದ ‘ಪೋಷಣ್ ಟ್ರ್ಯಾಕರ್’ ಲೆಕ್ಕ ಹಾಕಿಕೊಡುತ್ತದೆಯೇ ಹೊರತು ಅಂಗನವಾಡಿ ಕಾರ್ಯಕರ್ತೆ ನಮೂದಿಸಿದ ಅಳತೆಯನ್ನು ತಿದ್ದುವುದಿಲ್ಲ.

ಇನ್ನೊಂದು ಅಂಶವೂ ಇದೆ. ತೂಕ ಕೆಲವು ವಾರಗಳ ಪೌಷ್ಟಿಕ ಆಹಾರದಿಂದ ಚೇತರಿಸಿಕೊಳ್ಳಬಹುದು. ಎತ್ತರದ ಕೊರತೆ ಹಾಗಲ್ಲ. ಅದು ಗರ್ಭದಲ್ಲೇ ಆರಂಭವಾಗಿ ಮೊದಲ ಎರಡು ವರ್ಷಗಳಲ್ಲಿ ಬಹುಪಾಲು ನಿರ್ಧಾರವಾಗುತ್ತದೆ. ಮಗು ಮೂರು ವರ್ಷಕ್ಕೆ ಅಂಗನವಾಡಿಯ ಹಾಲು, ಮೊಟ್ಟೆಯ ಮುಂದೆ ಕೂರುವ ಹೊತ್ತಿಗೆ ಅಮೂಲ್ಯ ಕಾಲ ಕಳೆದಿರುತ್ತದೆ. ಆದ್ದರಿಂದ ಗರ್ಭಿಣಿಯ ಊಟ, ಆರು ತಿಂಗಳ ನಂತರದ ಪೂರಕ ಆಹಾರ, ಶುದ್ಧ ನೀರು ಮತ್ತು ಶೌಚ ವ್ಯವಸ್ಥೆಗೆ ಮೊದಲ ಆದ್ಯತೆ ಸಿಗಬೇಕಿದೆ.

ಗೆರೆಯನ್ನು ಕೆಳಗಿಳಿಸಿದರೆ ಕುಂಠಿತ ಮಕ್ಕಳ ಸಂಖ್ಯೆ ಕಾಗದದ ಮೇಲೆ ಇಳಿದೀತು. 87 ಸೆಂ.ಮೀ. ಇರುವ ಆ ಮಗು ಮಾತ್ರ 87ರಲ್ಲೇ ಇರುತ್ತದೆ.