ಬೋರ್ಡು ಗೆದ್ದೆವು, ವಾಕ್ಯ ಸೋತೆವು!

ಕನ್ನಡದ ತರುಣರೇ,

ಮೊದಲೇ ಹೇಳಿಬಿಡುತ್ತೇನೆ. ಈ ಬರಹ ಪರಭಾಷಿಕರನ್ನು ಬೈಯುವುದಕ್ಕಲ್ಲ. ಆ ಕೆಲಸಕ್ಕೆ ಬೇಕಾದಷ್ಟು ಜನ ಇದ್ದಾರೆ. ಈ ಸಲ ಬೈಗುಳ ನಮಗೇ. ಮೊದಲು ನನಗೆ, ಆಮೇಲೆ ನಿಮಗೆ.

2023ರ ಡಿಸೆಂಬರಿನಲ್ಲಿ ನೀವು ಬೆಂಗಳೂರಿನ ಬೀದಿಗಿಳಿದಿರಿ. ಇಂಗ್ಲಿಷ್ ಬೋರ್ಡುಗಳ ವಿರುದ್ಧ ಕೂಗಿದಿರಿ, ಪೊಲೀಸರ ವ್ಯಾನು ಹತ್ತಿದಿರಿ, ಜೈಲನ್ನೂ ಕಂಡಿರಿ. 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ನಾಮಫಲಕದಲ್ಲಿ ನೂರಕ್ಕೆ 60 ಭಾಗ ಕನ್ನಡ, ಅದೂ ಮೇಲುಗಡೆ! ಭಲೇ! ನಾನೂ ನಮ್ಮೂರಲ್ಲಿ ಕೂತು ಚಪ್ಪಾಳೆ ಹೊಡೆದೆ.

ಆದರೆ ಆ ಬೋರ್ಡಿನ ಕೆಳಗಿನ ಬಾಗಿಲು ದಾಟಿ ಒಳಗೆ ಹೋಗಿದ್ದೀರಾ? ಕೌಂಟರಿನ ಮೇಲಿನ ಅರ್ಜಿ ಫಾರಂ ಓದಿದ್ದೀರಾ? ಸಾಲದ ಪತ್ರ? ವಿಮೆಯ ಷರತ್ತು? ಗೋಡೆಗೆ ಅಂಟಿಸಿದ ನೋಟೀಸು? ಒಂದೋ ಅಲ್ಲಿ ಕನ್ನಡ ಇರುವುದಿಲ್ಲ, ಇದ್ದರೆ ಅದು ಕನ್ನಡ ಆಗಿರುವುದಿಲ್ಲ. ಅಕ್ಷರ ನಮ್ಮದು, ವಾಕ್ಯ ಇಂಗ್ಲಿಷಿನದು. ಹೆಣಕ್ಕೆ ಪೇಟ ಸುತ್ತಿ ಕೂರಿಸಿದ ಹಾಗೆ!

ಇದನ್ನು ಹೇಳಲು ನೀನ್ಯಾರಯ್ಯ ಅಂತ ಕೇಳಬಹುದು. ನಾನು ಯಲ್ಲಾಪುರ ತಾಲೂಕಿನ ವಜ್ರಳ್ಳಿಯವನು, ಪ್ರೆಸ್ಸಿನವನು. ಪಿಯುಸಿ ಮುಗಿಸಿ ಅಪ್ಪನ ಟ್ರೆಡಲ್ ಮಷಿನ್ನಿನ ಪಕ್ಕ ನಿಂತವನು ಈಗ ಆಫ್‌ಸೆಟ್ಟು, ಕಂಪ್ಯೂಟರಿನ ಮುಂದೆ ಕೂತಿದ್ದೇನೆ. ಮದುವೆ ಕಾಗದ, ಸೊಸೈಟಿ ರಸೀದಿ, ಯಕ್ಷಗಾನದ ಕರಪತ್ರ ನನ್ನ ಅನ್ನ. ಜೊತೆಗೆ ಊರೂರಿನ ಸಂಸ್ಥೆಗಳು ಇಂಗ್ಲಿಷಿನಿಂದ ಕನ್ನಡ ಮಾಡಿಸಿ ತರುವ ಫಾರಂ, ನೋಟೀಸು. ಈ ಎರಡನೇ ಅನ್ನದಲ್ಲಿ ಕಲ್ಲು ಸಿಕ್ಕಿದ ಕಥೆ ಕೇಳಿ.

ಕೆಲವು ವರ್ಷದ ಹಿಂದೆ ಚಿನ್ನದ ಮೇಲೆ ಸಾಲ ಕೊಡುವ ಒಂದು ಸಂಸ್ಥೆಯವರು ನೋಟೀಸು ಅಚ್ಚಿಗೆ ತಂದರು. ಇಂಗ್ಲಿಷಿನಲ್ಲಿ ಇದ್ದದ್ದು ಇಷ್ಟೇ: ಹಿಂದೆ ಬರೆದ ತಾರೀಖಿನೊಳಗೆ ಬಾಕಿ ಕಟ್ಟದಿದ್ದರೆ ಒಡವೆ ಹರಾಜು. ಅವರ ಕನ್ನಡದಲ್ಲಿ ಇದ್ದದ್ದು: ‘ಉಲ್ಲೇಖಿತ ದಿನಾಂಕದಂದು ಅಥವಾ ಅದಕ್ಕೂ ಮುಂಚಿತವಾಗಿ ಬಾಕಿಯು ಪಾವತಿಸಲ್ಪಟ್ಟ ಹೊರತು ಅಡಮಾನಿತ ಆಭರಣಗಳು ಹರಾಜಿಗೆ ಒಳಪಡಿಸಲ್ಪಡತಕ್ಕದ್ದಲ್ಲ.’

ಇನ್ನೊಮ್ಮೆ ಓದಿ. ಇಂಗ್ಲಿಷಿನ ‘ಅನ್‌ಲೆಸ್’ ಕಂಡ ಕೂಡಲೇ ಆ ಪುಣ್ಯಾತ್ಮ ‘ಹೊರತು’ ಹಾಕಿದ. ‘ಹೊರತು’ ಬಂದ ಮೇಲೆ ಕೊನೆಯಲ್ಲಿ ‘ಅಲ್ಲ’ ಬರಬೇಕೆಂದು ಕೈ ತಾನಾಗಿ ಬರೆಯಿತು. ಅರ್ಥ ತಲೆಕೆಳಗಾಯಿತು. ಬಾಕಿ ಕಟ್ಟುವ ತನಕ ಒಡವೆ ಹರಾಜಾಗುವುದಿಲ್ಲ ಅಂತ ಆಯಿತು!

ನನಗೆ ಗೊತ್ತಾಗಿತ್ತು. ಪ್ರೂಫ್ ನೋಡುವಾಗಲೇ ಗೊತ್ತಾಗಿತ್ತು. ಹೇಳಿದೆ ಕೂಡ. ‘ಮೇಲಿನಿಂದ ಬಂದದ್ದು, ಒಂದಕ್ಷರ ಮುಟ್ಟಬೇಡಿ’ ಅಂದರು. ಮುಟ್ಟಲಿಲ್ಲ. ಎರಡು ಸಾವಿರ ಪ್ರತಿ ಹೊಡೆದು, ಬಿಲ್ಲು ಬರೆದು, ದುಡ್ಡು ಎಣಿಸಿಕೊಂಡೆ.

ಆ ಮಳೆಗಾಲ ನಮ್ಮ ಕೇರಿಯ ಅಕ್ಕ ಒಬ್ಬರು ಅದೇ ನೋಟೀಸನ್ನು ಸೆರಗಿನಲ್ಲಿ ಮಡಚಿಕೊಂಡು ಬಂದರು. ‘ತಮಾ, ನಾನು ಏಳನೇ ಇಯತ್ತೆ ಓದಿದವಳು. ಇದರಲ್ಲಿ ದುಡ್ಡು ಕಟ್ಟುವ ತನಕ ಹರಾಜು ಇಲ್ಲ ಅಂತ ಉಂಟಲ್ಲ? ಅಡಿಕೆ ಮಾರಿದ ಮೇಲೆ ಕಟ್ಟುವ ಅಂತ ಇದ್ದೆ. ಈಗ ಫೋನು ಮಾಡಿ ಬಳೆ ಹೋಯಿತು ಅಂತಾರೆ.’ ಕನ್ನಡ ಓದಲು ಬಾರದೆ ಅವರು ಮೋಸ ಹೋಗಲಿಲ್ಲ. ಬರುತ್ತಿತ್ತು, ಅದಕ್ಕೇ ಮೋಸ ಹೋದರು. ಆ ಕಾಗದದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ನನ್ನ ಪ್ರೆಸ್ಸಿನ ಹೆಸರಿತ್ತು.

ಇದು ಹಳ್ಳಿ ಮೂಲೆಯ ಕಥೆ, ನಮಗೇನು ಅನ್ನುವ ಪಟ್ಟಣದ ಜಾಣರೇ, ನಿಮ್ಮ ಕಥೆಗೇ ಬನ್ನಿ. 2024ರ ಆಗಸ್ಟ್ 27. ಕರ್ನಾಟಕ ಲೋಕಸೇವಾ ಆಯೋಗ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆಸಿತು. ಎಷ್ಟೋ ಮಕ್ಕಳು ಊರು ಬಿಟ್ಟು, ವಿಜಯನಗರದ ಬಾಡಿಗೆ ಕೋಣೆಗಳಲ್ಲಿ ಹೊಟ್ಟೆಗೆ ಅರೆಬರೆ ತಿಂದು ಓದಿದ್ದ ಪರೀಕ್ಷೆ. ಪ್ರಶ್ನೆಪತ್ರಿಕೆ ಬಿಡಿಸಿದರೆ ಅಲ್ಲಿನ ಕನ್ನಡ ಕನ್ನಡಿಗರಿಗೇ ಅರ್ಥವಾಗಲಿಲ್ಲ! ಗಲಾಟೆ ಎದ್ದಿತು. ಅನುವಾದ ಸರಿಯಾಗಿಲ್ಲವೆಂದು ಮುಖ್ಯಮಂತ್ರಿಗಳೇ ಒಪ್ಪಿ ಮರುಪರೀಕ್ಷೆಗೆ ಹೇಳಬೇಕಾಯಿತು. ಡಿಸೆಂಬರ್ 29ಕ್ಕೆ ಮರುಪರೀಕ್ಷೆ. ಅದರಲ್ಲೂ ಅನುವಾದದ ತಪ್ಪು, ಮತ್ತೆ ಬೀದಿಯಲ್ಲಿ ಹುಡುಗರು! ಕರ್ನಾಟಕದಲ್ಲಿ, ಕರ್ನಾಟಕದ ಆಯೋಗ, ಕರ್ನಾಟಕದ ಅಧಿಕಾರಿಗಳನ್ನು ಆರಿಸಲು ಕನ್ನಡದಲ್ಲಿ ಒಂದು ಪ್ರಶ್ನೆ ಕೇಳಲಾರದೆ ಎರಡು ಸಲ ಎಡವಿತು. ನಾಚಿಕೆಗೇಡಿಗೆ ಇದಕ್ಕಿಂತ ದೊಡ್ಡ ನಾಮಫಲಕ ಬೇಕೇ?

ನಷ್ಟ ಯಾರಿಗೆ ಗಮನಿಸಿ. ಇಂಗ್ಲಿಷಿನಲ್ಲಿ ಓದಿಕೊಂಡು ಬರೆದ ಹುಡುಗನಿಗೆ ಏನೂ ಆಗಲಿಲ್ಲ. ಕನ್ನಡ ನಂಬಿದವನಿಗೆ ಪ್ರತಿ ಪ್ರಶ್ನೆಗೂ ಒಂದೊಂದು ನಿಮಿಷದ ದಂಡ. ಪಕ್ಕದ ಇಂಗ್ಲಿಷ್ ವಾಕ್ಯ ಓದಿ, ಓಹೋ ಇದನ್ನು ಕೇಳಿದ್ದಾನಾ ಎಂದು ತಿಳಿದು, ಆಮೇಲೆ ಉತ್ತರ. ಕೇಂದ್ರದ ಹುದ್ದೆಗಳಿಗೂ ಎಷ್ಟು ಹೋರಾಡಿದೆವು! ಗ್ರಾಮೀಣ ಬ್ಯಾಂಕಿನ ಪರೀಕ್ಷೆ ಕನ್ನಡದಲ್ಲೂ ಬರೆಯಬಹುದೆಂದು 2019ರಲ್ಲಿ ಹೇಳಿದರು. 2024ರಿಂದ ಕೇಂದ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಯೂ ಕನ್ನಡದಲ್ಲಿ ಬಂತು. ಪ್ರಶ್ನೆಯ ಕನ್ನಡ ಹೀಗೇ ಇದ್ದರೆ ನಮ್ಮ ಹುಡುಗರೇ ‘ಇಂಗ್ಲಿಷೇ ವಾಸಿ’ ಅಂತ ಕನ್ನಡದ ಆಯ್ಕೆ ಬಿಡುತ್ತಾರೆ. ನಾಳೆ ದೆಹಲಿಯವರು ಕೇಳುತ್ತಾರೆ: ಯಾರೂ ಬರೆಯುತ್ತಿಲ್ಲವಲ್ಲ, ತೆಗೆದುಬಿಡೋಣವೇ?

ಸಂವಿಧಾನದ 348ನೇ ವಿಧಿ ನೋಡಿ. ವಿಧಾನಸೌಧದಲ್ಲಿ ಕಾನೂನನ್ನು ಕನ್ನಡದಲ್ಲೇ ಮಾಡಿದರೂ, ರಾಜ್ಯಪಾಲರ ಅಧಿಕಾರದಲ್ಲಿ ಗೆಜೆಟ್ಟಿನಲ್ಲಿ ಪ್ರಕಟವಾದ ಇಂಗ್ಲಿಷ್ ಅನುವಾದಕ್ಕೆ ಅಧಿಕೃತ ಪಠ್ಯದ ಗೌರವ ಉಂಟು. ಅಂದರೆ ಇಂಗ್ಲಿಷಿಗೆ ಹೋದ ಅನುವಾದ ಅರಸು, ಕನ್ನಡಕ್ಕೆ ಬಂದ ಅನುವಾದ ಕೂಲಿಯಾಳು. ಇದನ್ನು ಬದಲಿಸುವ ಹೋರಾಟ ಬೇರೆ, ದೊಡ್ಡದು. ಆದರೆ ಓದಲಾಗದ ಕನ್ನಡ ಹಿಡಿದುಕೊಂಡು ಆ ಹೋರಾಟಕ್ಕೆ ಯಾವ ಮುಖ ಇಟ್ಟುಕೊಂಡು ಹೋಗುತ್ತೀರಿ?

ರೋಗ ಎಲ್ಲಿದೆ ಎಂದರೆ, ನಮ್ಮಲ್ಲಿ ಯಾರೂ ಇದನ್ನು ಒಂದು ಕಸುಬೆಂದು ಕಲಿಯುವುದಿಲ್ಲ. ಕನ್ನಡ ಬರುತ್ತದೆ, ಇಂಗ್ಲಿಷ್ ಬರುತ್ತದೆ, ಅನುವಾದ ಬಂದೇ ಬರುತ್ತದೆ ಅಂದುಕೊಂಡಿದ್ದೇವೆ. ಎರಡು ಕಾಲಿದ್ದವರೆಲ್ಲ ಯಕ್ಷಗಾನ ಕುಣಿಯುತ್ತಾರೆಯೇ? ಸರ್ಕಾರಕ್ಕೆ ಭಾಷಾಂತರ ನಿರ್ದೇಶನಾಲಯ ಇದೆ, ಕುವೆಂಪು ಭಾಷಾ ಭಾರತಿ ಪ್ರಾಧಿಕಾರ ಇದೆ, ಮೈಸೂರಿನಲ್ಲಿ ಕೇಂದ್ರದ ರಾಷ್ಟ್ರೀಯ ಅನುವಾದ ಮಿಷನ್ ಇದೆ. ಬೋರ್ಡುಗಳಿಗೇನೂ ಬರವಿಲ್ಲ! ಕಾಲೇಜಿನ ಹುಡುಗನಿಗೆ ದಿನಕ್ಕೆ ಒಂದು ಇಂಗ್ಲಿಷ್ ವಾಕ್ಯ ಕೊಟ್ಟು, ಇದನ್ನು ನಿನ್ನ ಅಜ್ಜಿಗೆ ತಿಳಿಯುವ ಹಾಗೆ ಬರಿ ಅನ್ನುವ ಮೇಷ್ಟ್ರಿಗೆ ಬರ.

ಚೀನಾ ನೋಡಿ. ಚೀನಾದ ಮೊಬೈಲು, ಚೀನಾದ ಆಟಿಕೆ ಅಂತ ಬೈಯುತ್ತೀರಲ್ಲ, ಆ ಚೀನಾ. ಅಲ್ಲಿ ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ರಾಷ್ಟ್ರೀಯ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು ಭಾಗ ಇರುತ್ತದೆ. ಒಂದು ಬರಹ ಕೊಟ್ಟು, 5 ವಾಕ್ಯಗಳಿಗೆ ಗೆರೆ ಎಳೆದು, ಇವನ್ನು ಚೀನೀ ಭಾಷೆಗೆ ಮಾಡಿ ಅನ್ನುತ್ತಾರೆ. ಇಂಗ್ಲಿಷ್ ಎಷ್ಟು ಬರುತ್ತದೆ ಅನ್ನುವುದನ್ನು ತಮ್ಮ ಭಾಷೆಯಲ್ಲಿ ಅಳೆಯುತ್ತಾರೆ! ಅದಕ್ಕಾಗಿ ಹುಡುಗರು ತಿಂಗಳುಗಟ್ಟಲೆ ಸಾಧನೆ ಮಾಡುತ್ತಾರೆ. ಉದ್ದ ವಾಕ್ಯವನ್ನು ಎಲ್ಲಿ ಕಡಿಯಬೇಕು, ಕ್ರಿಯಾಪದ ಎಲ್ಲಿ ಅಡಗಿದೆ, ‘ವಿಚ್’ ಎಂಬ ಬಾಲವನ್ನು ಎಲ್ಲಿ ಕೂರಿಸಬೇಕು. ಯಾಕೆಂದರೆ ಅವರ ಭಾಷೆಯೂ ಈ ಒಂದು ವಿಷಯದಲ್ಲಿ ನಮ್ಮ ಹಾಗೆಯೇ. ‘ನಿನ್ನೆ ಬಂದ ಹುಡುಗ’ ಅಂತ ವಿವರ ಮೊದಲು, ಹುಡುಗ ಆಮೇಲೆ. ಇಂಗ್ಲಿಷಿನಲ್ಲಿ ಹುಡುಗ ಮೊದಲು, ಬಾಲ ಆಮೇಲೆ. ಗಂಟು ಇಬ್ಬರಿಗೂ ಒಂದೇ. ಅವರು ಬಿಡಿಸಲು ಕಲಿಯುತ್ತಾರೆ, ನಾವು ಗಂಟಿನ ಸಮೇತ ನುಂಗುತ್ತೇವೆ. 1898ರಲ್ಲಿ ಹಕ್ಸ್‌ಲಿಯ ವಿಕಾಸವಾದದ ಪುಸ್ತಕವನ್ನು ಚೀನೀ ಭಾಷೆಗೆ ತಂದ ಯಾನ್ ಫು ಎಂಬ ಪಂಡಿತ ಅನುವಾದದ ಕಷ್ಟ ಮೂರು ಅಂದಿದ್ದ: ಮೂಲಕ್ಕೆ ನಿಷ್ಠೆ, ಓದುಗನಿಗೆ ತಲುಪುವುದು, ಸೊಗಸು. ಅವರು ಇಂದಿಗೂ ಅದರ ಮೇಲೆ ಜಗಳಾಡುತ್ತಾರೆ. ನಮ್ಮ ಕಚೇರಿ ಕನ್ನಡಕ್ಕೆ ಈ ಮೂರರಲ್ಲಿ ಒಂದೂ ಇಲ್ಲ.

ಹಾಗಂತ ನಾವು ಯಾವತ್ತೂ ಗತಿಗೆಟ್ಟವರಾಗಿರಲಿಲ್ಲ. ಮುಂಬಯಿ ಆಡಳಿತದಲ್ಲಿ ಮರಾಠಿಯ ಅಡಿಯಲ್ಲಿ ಬಿದ್ದಿದ್ದ ಕನ್ನಡ ಶಾಲೆಗಳನ್ನು ಎತ್ತಿ ನಿಲ್ಲಿಸಿದ ಡೆಪ್ಯುಟಿ ಚನ್ನಬಸಪ್ಪನವರು ಷೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’ ನಾಟಕವನ್ನು ಕನ್ನಡಕ್ಕೆ ತಂದರು. ಏನೆಂದು ಹೆಸರಿಟ್ಟರು ಗೊತ್ತೇ? ‘ನಗದವರನ್ನು ನಗಿಸುವ ಕಥೆ’! ಇಂದಿನ ಬೃಹಸ್ಪತಿಗಳ ಕೈಗೆ ಕೊಟ್ಟಿದ್ದರೆ ‘ದೋಷಗಳ ಹಾಸ್ಯ’ ಎಂದು ಮಾಡಿ ಕೈತೊಳೆದುಕೊಳ್ಳುತ್ತಿದ್ದರು. ಮೈಸೂರಿನ ಬಸವಪ್ಪ ಶಾಸ್ತ್ರಿಗಳಿಗೆ ಇಂಗ್ಲಿಷೇ ಬರುತ್ತಿರಲಿಲ್ಲ. ಇಂಗ್ಲಿಷ್ ಬಲ್ಲವರೊಬ್ಬರ ನೆರವಿನಿಂದ ‘ಒಥೆಲೊ’ವನ್ನು ತಿಳಿದುಕೊಂಡು ‘ಶೂರಸೇನ ಚರಿತ್ರೆ’ ಬರೆದರು. ಬರದೇ ಇದ್ದದ್ದೇ ಒಳ್ಳೆಯದಾಯಿತೇನೋ! ಇಂಗ್ಲಿಷ್ ವಾಕ್ಯ ಅವರ ಕಣ್ಣಿಗೆ ಬೀಳಲಿಲ್ಲ, ಅರ್ಥ ಮಾತ್ರ ಕಿವಿಗೆ ಬಿತ್ತು. ಕಿವಿಯಿಂದ ಬಂದದ್ದು ಕನ್ನಡವಾಗಿಯೇ ಹೊರಬಿತ್ತು.

ಇದೇ ಗುಟ್ಟು. ನನ್ನ ಅಪ್ಪನಿಗೂ ಗೊತ್ತಿತ್ತು. ಆಗ ಒಂದೊಂದೇ ಮೊಳೆ ಆರಿಸಿ ಜೋಡಿಸಬೇಕಿತ್ತು. ‘ಅರ್ಜಿಗಳನ್ನು ಆಹ್ವಾನಿಸಲಾಗಿದೆ’ ಅಂತ ಯಾರಾದರೂ ತಂದರೆ, ‘ಅರ್ಜಿ ಕರೆದಿದೆ ಅಂದರೆ ಸಾಲದೇ? ಮೊಳೆ ನಿನ್ನ ಮಾವನ ಮನೆಯದೇ?’ ಅನ್ನುತ್ತಿದ್ದರು. ಸೀಸದ ಮೊಳೆಯ ಬಡತನ ಕನ್ನಡವನ್ನು ಕಾಯುತ್ತಿತ್ತು. ಕಂಪ್ಯೂಟರಿನಲ್ಲಿ ಮೊಳೆಗೆ ದುಡ್ಡಿಲ್ಲ, ‘ಲ್ಪಟ್ಟಿರುತ್ತದೆ’ ಅಂತ ಎಷ್ಟು ಬೇಕಾದರೂ ಒತ್ತಬಹುದು.

ನಮ್ಮ ಸೀಮೆಯದೇ ಒಂದು ವಾಕ್ಯ ಹಿಡಿದು ಸಾಧನೆ ಮಾಡೋಣ. 2021ರ ಜುಲೈ ಮಳೆಯಲ್ಲಿ ಕಳಚೆಯಲ್ಲಿ ಗುಡ್ಡ ಕುಸಿಯಿತು, ತೋಟಗಳು ಹೋದವು. ಅದರ ಮೇಲೆ ಒಂದು ನೋಟೀಸು ಇಂಗ್ಲಿಷಿನಲ್ಲಿ ಬಂತು ಅಂದುಕೊಳ್ಳಿ. ಕಚೇರಿಯ ಕನ್ನಡ ಹೇಗಿರುತ್ತದೆ? ‘ಯಾವ ಕುಟುಂಬಗಳ ತೋಟಗಳು ಜುಲೈ 2021ರಲ್ಲಿ ಸಂಭವಿಸಿದ ಭೂಕುಸಿತದಿಂದ ಹೂಳಲ್ಪಟ್ಟಿರುವುವೋ ಅಂತಹ ಕುಟುಂಬಗಳಿಂದ ಅರ್ಜಿಗಳು ಸಲ್ಲಿಸಲ್ಪಡತಕ್ಕದ್ದು.’ ಈಗ ಇಂಗ್ಲಿಷ್ ಕಾಗದ ಮಗುಚಿ ಹಾಕಿ. ಕಣ್ಣಿಗೆ ಬೀಳಬಾರದು. ಕಳಚೆಯ ತೋಟದ ಯಜಮಾನರೊಬ್ಬರು ಎದುರಿಗೆ ಕವಳ ಹಾಕುತ್ತ ಕೂತಿದ್ದಾರೆ, ಅವರಿಗೆ ಬಾಯಲ್ಲಿ ಹೇಳಿ. ‘2021ರ ಜುಲೈಯಲ್ಲಿ ಗುಡ್ಡ ಕುಸಿದು ತೋಟ ಮುಚ್ಚಿಹೋದವರು ಅರ್ಜಿ ಕೊಡಬೇಕು.’ ಮುಗಿಯಿತು! ‘ಯಾವ’, ‘ಅಂತಹ’ ಎರಡೂ ಓಡಿದವು. ‘ಮುಚ್ಚಿಹೋದವರು’ ಅನ್ನುವ ಒಂದೇ ಮಾತು ಇಂಗ್ಲಿಷಿನ ಬಾಲವನ್ನೆಲ್ಲ ನುಂಗಿತು. ನಮ್ಮ ಕೃದಂತದ ತಾಕತ್ತು ಇದು, ಇಂಗ್ಲಿಷಿಗಿಲ್ಲ.

ಹೀಗೇ ದಿನಕ್ಕೆ ಒಂದು. ‘ಮೂರು ಮಕ್ಕಳನ್ನು ಹೊಂದಿದ್ದಾರೆ’ ಅಲ್ಲ, ‘ಮೂವರು ಮಕ್ಕಳಿದ್ದಾರೆ’. ‘ಈ ಯೋಜನೆಯು ನಿಮಗೆ ಸಹಾಯ ಮಾಡುತ್ತದೆ’ ಅಲ್ಲ, ‘ಈ ಯೋಜನೆಯಿಂದ ನಿಮಗೆ ಅನುಕೂಲ’. ‘ಅನ್‌ಲೆಸ್’ ಕಂಡರೆ ವಾಕ್ಯವನ್ನು ಎರಡು ಮಾಡಿ. ಬಾಕಿ ಕಟ್ಟಿ. ಕಟ್ಟದಿದ್ದರೆ ಒಡವೆ ಹರಾಜಾಗುತ್ತದೆ. ಬರೆದದ್ದನ್ನು ಇಂಗ್ಲಿಷ್ ಬಾರದವರ ಮುಂದೆ ಗಟ್ಟಿಯಾಗಿ ಓದಿ, ಏನು ತಿಳಿಯಿತು ಅಂತ ಕೇಳಿ. ಅವರು ಹೇಳಿದ್ದು ಮೂಲಕ್ಕೆ ಸರಿಹೊಂದಿದರೆ ಪಾಸು, ಇಲ್ಲದಿದ್ದರೆ ಹರಿದು ಬಿಸಾಡಿ. ‘ಬ್ಯಾಂಕು’, ‘ಬಿಲ್ಲು’, ‘ಬಸ್ಸು’ ಇರಲಿ, ಅವು ನಮ್ಮ ಮನೆಯ ಅಳಿಯಂದಿರು. ಶಬ್ದಕ್ಕೆ ಮಡಿ ಮಾಡುವವರೇ ವಾಕ್ಯದಲ್ಲಿ ಮೈಲಿಗೆ ಆಗುವುದು ಹೆಚ್ಚು.

ಈಗೆಲ್ಲ ಯಂತ್ರವೇ ಮಾಡುತ್ತದಲ್ಲ ಅನ್ನುವವರಿಗೆ ಒಂದು ಮಾತು. 2025ರ ಜುಲೈಯಲ್ಲಿ ನಟಿ ಬಿ. ಸರೋಜಾದೇವಿಯವರು ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕನ್ನಡದಲ್ಲಿ ಸಂತಾಪ ಬರೆದರು. ಫೇಸ್‌ಬುಕ್ ಕಂಪನಿಯ ಯಂತ್ರ ಅದನ್ನು ಇಂಗ್ಲಿಷಿಗೆ ತಿರುಗಿಸಿ ಮುಖ್ಯಮಂತ್ರಿಗಳನ್ನೇ ಸಾಯಿಸಿತು! ಅವರು ಮುಖ್ಯಮಂತ್ರಿ, ಪತ್ರ ಬರೆಸಿದರು, ಕಂಪನಿ ಕ್ಷಮೆ ಕೇಳಿತು. ನಮ್ಮ ಅಕ್ಕನ ಬಳೆಗೆ ಯಾರು ಕ್ಷಮೆ ಕೇಳಿದರು? ಯಂತ್ರ ಬಳಸಿ, ಬೇಡ ಅನ್ನುವುದಿಲ್ಲ, ನಾನೂ ಬಳಸುತ್ತೇನೆ. ಆದರೆ ಅದು ಕೊಟ್ಟದ್ದನ್ನು ತಿದ್ದಲು ಬರುವ ಕೈ ಬೇಕಲ್ಲ?

ಆದ್ದರಿಂದ ಹುಡುಗರೇ, ಮುಂದಿನ ಸಲ ಬ್ಯಾಂಕಿಗೆ, ಆಸ್ಪತ್ರೆಗೆ, ವಿಮೆ ಕಚೇರಿಗೆ ನುಗ್ಗುವಾಗ ಬರಿ ಘೋಷಣೆ ಒಯ್ಯಬೇಡಿ. ಹಿಂದಿನ ದಿನವೇ ಅವರ ಫಾರಂ ತಂದು, ನಾಲ್ಕು ಜನ ಕೂತು, ವಾಕ್ಯ ವಾಕ್ಯ ಕನ್ನಡ ಮಾಡಿ. ಮ್ಯಾನೇಜರ ಮೇಜಿನ ಮೇಲೆ ಎರಡನ್ನೂ ಇಡಿ, ‘ಇದು ನಿಮ್ಮದು, ಇದು ಕನ್ನಡ’. ಯಾಕೆ ಹಾಕುವುದಿಲ್ಲ ಅಂತ ಬರೆದುಕೊಡಲು ಹೇಳಿ. ಲೋಕಸೇವಾ ಆಯೋಗದ ಮುಂದೆ ಕೂತಾಗಲೂ ಒಂದೇ ಬೇಡಿಕೆ ಇಡಿ: ಪ್ರಶ್ನೆಯನ್ನು ಮೊದಲು ಕನ್ನಡದಲ್ಲಿ ಬರೆಯಿರಿ, ಆಮೇಲೆ ಇಂಗ್ಲಿಷಿಗೆ ಮಾಡಿ. ತಪ್ಪು ಬಂದರೆ ಆ ಕಡೆ ಬರಲಿ.

ನನ್ನ ಪಾಲಿನದು ನಾನು ಹೇಳುತ್ತೇನೆ. ಈಚೆಗೆ ಇನ್ನೊಂದು ಸಂಸ್ಥೆಯವರು ಅದೇ ಜಾತಿಯ ನೋಟೀಸು ತಂದರು. ತಿದ್ದದೆ ಅಚ್ಚು ಹಾಕುವುದಿಲ್ಲ ಅಂದೆ. ಗಂಟೆಗಟ್ಟಲೆ ವಾದ. ಕೊನೆಗೆ ಕಾಗದ ಮಡಚಿಕೊಂಡು ಬೇರೆ ಪ್ರೆಸ್ಸಿಗೆ ಹೋದರು. ಅಲ್ಲಿ ಅದು ಅಚ್ಚಾಗಿದೆ, ನೋಡಿದೆ. ನಾನು ಹೆಂಡತಿಯನ್ನು ಎದುರು ಕೂರಿಸಿಕೊಂಡು ಮಾಡಿದ ಕನ್ನಡದ ಪ್ರತಿ ಇನ್ನೂ ನನ್ನ ಮೇಜಿನ ಮೇಲೇ ಇದೆ.